ಮಗ ತಮ್ಮನಿಗೆ ‘ಛಪ್ರಿ’ ಅಂದ. ಹಂಗಂದ್ರ ಏನ್ರೀ?

ಡೊಂಬಿವಲಿ ಅವ್ವ

ಎಲ್ಲಾರಿಗೂ ನಮಸ್ಕಾರ. ನಾ ಇಲ್ಲಿ ಓದಾಕಿ, ಬರಿಯೋದು ಕಡಿಮಿ. ಇವತ್ತ ಒಂದು ಶಬ್ದದ ಅರ್ಥ ಬೇಕಾಗೇತಿ.

ನಮ್ಮದು ಇಂಡಿ ಕಡೆ. ಡೊಂಬಿವಲಿಗೆ ಬಂದು ಇಪ್ಪತ್ತೊಂದು ವರ್ಷ ಆತು. ಸೂಟಿಗೆ ನನ್ನ ತಂಗಿ ಮಗ ಬಂದಾನ, ಹದಿನೇಳರ ಹುಡುಗ. ಊರಿಂದ ಬರೂಮುಂದನ ಹಣಿ ಮ್ಯಾಲಿನ ಕೂದಲಿಗೆ ಬಂಗಾರ ಬಣ್ಣ ಹೊಡಿಸ್ಕೊಂಡ ಬಂದಿದ್ದ. ಕಾಲಿಗೆ ಅಂಟಿದಂಥ ಪ್ಯಾಂಟು, ಕೊಳ್ಳಾಗ ದಪ್ಪ ಚೈನು (ಬೆಳ್ಳಿ ಅಲ್ಲ, ಮುಟ್ಟಿ ನೋಡೀನಿ). ಗೇಟ್‌ವೇ ಮುಂದ ಒಂದು ಕಾಲು ಗ್ವಾಡಿ ಮ್ಯಾಲಿಟ್ಟು ಫೋಟೋ ತಗಸ್ಕೊಂಡ. ನನ್ನ ಮಗ ಅದನ್ನ ತನ್ನ ದೋಸ್ತರ ಗ್ರೂಪಿಗೆ ಹಾಕಿ, ಕೆಳಗ ‘ಬಂತು ನೋಡ್ರಪ್ಪಾ ಛಪ್ರಿ’ ಅಂತ ಬರದ. ಈ ಹುಡುಗನೂ ನೋಡ್ದ.

ಸಿಟ್ಟಿಗೇಳತಾನ ಅಂತ ನಾ ಹೆದರಿದ್ದೆ. ಇವ ಏನ್ ಮಾಡಿದ ಗೊತ್ತೇನು? ಮರುದಿನ ಇನ್‌ಸ್ಟಾಗ್ರಾಮಿನಾಗ ತನ್ನ ಹೆಸರಿನ ಕೆಳಗ ‘ಇಂಡಿ ಛಪ್ರಿ’ ಅಂತ ಹಾಕ್ಕೊಂಡು ಪಕ್ಕಕ್ಕೊಂದು ಕಿರೀಟದ ಚಿತ್ರ ಇಟ್ಟಾನ!

ನಮ್ಮ ಮನಿಯವರು ಅದನ್ನ ‘ಚಪ್ರಾಸಿ’ ಅಂತ ಓದಿ, ಹುಡುಗಗ ಯಾವುದೋ ಕಚೇರ್ಯಾಗ ಕೆಲಸಾ ಸಿಕ್ತೇನು ಅಂತ ಕೇಳಿದ್ರು. ಮಗನ್ನ ಕೇಳಿದ್ರ, ‘ಅದೊಂದು ವೈಬ್ ಮಮ್ಮಿ, ನಿಂಗ್ ತಿಳಿಯಂಗಿಲ್ಲ’ ಅಂತಾನ. ವೈಬ್ ಅಂದ್ರೇನು ಅಂತ ಕೇಳೂ ಧೈರ್ಯ ಆಗಲಿಲ್ಲ.

ಇದು ಬೈಗಳೋ, ಚಾಷ್ಟಿಯೋ, ಹೊಗಳಿಕಿಯೋ? ತಂಗಿ ಮುಂದ ನಾ ಏನಂತ ಹೇಳಲಿ?

ಪುಣೆ ಪೀಜಿವಾಸಿ

ಆಂಟಿ, ಹೊಗಳಿಕೆ ಅಂತೂ ಖಂಡಿತ ಅಲ್ಲ.

ನಾನು ಹಾಸನದವನು, ಇಲ್ಲಿ ವಾಕಡ್‌ನಲ್ಲಿ ಪೀಜಿಯಲ್ಲಿದ್ದೀನಿ. ನಮ್ಮ ಆಫೀಸಲ್ಲಿ ದಿನಕ್ಕೆ ಹತ್ತು ಸಲ ಈ ಪದ ಕಿವಿಗೆ ಬೀಳುತ್ತೆ. ಬಣ್ಣದ ಕೂದಲು, ಟೈಟ್ ಪ್ಯಾಂಟು, ಸೈಲೆನ್ಸರ್ ಬಿಚ್ಚಿ ಪಟಪಟ ಅನ್ನಿಸೋ ಬೈಕು, ನಡುರಸ್ತೆಯಲ್ಲಿ ನಿಂತು ಸ್ಲೋ ಮೋಷನ್ ರೀಲ್ಸು. ಇಂಥವರಿಗೆ ಛಪ್ರಿ ಅಂತಾರೆ. ನಮ್ಮೂರಲ್ಲಾಗಿದ್ದರೆ ‘ಶೋಕಿಲಾಲ’, ‘ಪಡ್ಡೆ’, ‘ಬಿಲ್ಡಪ್ ಪಾರ್ಟಿ’ ಅಂತಿದ್ವಲ್ಲ, ಹಾಗೆ. ಆದರೆ ಅವ್ಯಾವೂ ಪೂರ್ತಿ ಹೊಂದಲ್ಲ. ಶೋಕಿಲಾಲ ದುಡ್ಡಿದ್ದವನೂ ಆಗಬಹುದು. ಛಪ್ರಿ ಅನ್ನೋದರಲ್ಲಿ ‘ದುಡ್ಡಿಲ್ಲ, ಆದರೂ ಶೋಕಿ ನೋಡು’ ಅನ್ನೋ ಕುಹಕ ಇದೆ.

ಇದು ಹಬ್ಬಿದ ರೀತಿ ನನಗೆ ಕಂಡಂತೆ ಹೀಗೆ. ಟಿಕ್‌ಟಾಕ್ ಇದ್ದಾಗ ಸಣ್ಣ ಊರು, ಗಲ್ಲಿ, ಗ್ಯಾರೇಜಿನ ಹುಡುಗರೆಲ್ಲ ಅಲ್ಲಿದ್ದರು, ಇಂಗ್ಲಿಷ್ ಮೀಡಿಯಮ್ಮಿನವರು ಇನ್‌ಸ್ಟಾದಲ್ಲಿದ್ದರು. 2020ರ ಜೂನ್ 29ಕ್ಕೆ ಸರ್ಕಾರ 59 ಆ್ಯಪ್ ಬಂದ್ ಮಾಡ್ತು, ಅದರಲ್ಲಿ ಟಿಕ್‌ಟಾಕೂ ಹೋಯ್ತು. ಮುಂದಿನ ತಿಂಗಳೇ ಇನ್‌ಸ್ಟಾದಲ್ಲಿ ರೀಲ್ಸ್ ಬಂತು. ಆ ಹುಡುಗರು ಗಂಟುಮೂಟೆ ಸಮೇತ ಇಲ್ಲಿಗೆ ಬಂದರು. ಮೊದಲಿದ್ದವರಿಗೆ ಎಸಿ ಬೋಗಿಗೆ ಜನರಲ್ ಟಿಕೆಟ್‌ನವರು ಹತ್ತಿದ ಹಾಗಾಯ್ತು. ಬೈಯೋಕೆ ಒಂದು ಪದ ಬೇಕಿತ್ತು, ಸಿಕ್ಕಿತು.

ಈಗಂತೂ ಏನು ಹಿಡಿಸದಿದ್ದರೂ ಛಪ್ರಿ. ನಮ್ಮ ಟೀಮ್ ಲೀಡ್ ಒಬ್ಬರು ಎಕ್ಸೆಲ್ ಶೀಟಿಗೆ ಹಳದಿ, ಗುಲಾಬಿ, ಗಿಳಿಹಸಿರು ತುಂಬಿದ್ದಕ್ಕೆ ‘ಛಪ್ರಿ ಶೀಟ್’ ಅಂದಿದ್ದರು. ಆ ಶೀಟ್ ನಂದೇ.

ಮಾಟುಂಗಾ ಮಾಣಿ

ಎಂತ ಮಾರಾಯ್ರೆ, ಶೀಟಿಗೂ ಜಾತಕ ಉಂಟಾ ಈಗ!

ಕ್ರಿಕೆಟ್ ನೋಡುವವರಿಗೆ ಈ ಶಬ್ದ ಹೊಸತಲ್ಲ. 2024ರ ಐಪಿಎಲ್ ನೆನಪುಂಟಲ್ಲ? ರೋಹಿತ್ ಶರ್ಮಾ ಕೈಯಿಂದ ಮುಂಬೈ ನಾಯಕತ್ವ ಹಾರ್ದಿಕ್ ಪಾಂಡ್ಯನಿಗೆ ಹೋಯಿತು. ಮೊಬೈಲ್ ತೆಗೆದರೆ ಸಾಕು, ಇದೇ ಬೈಗುಳ. ಏಪ್ರಿಲ್ 1ಕ್ಕೆ ವಾಂಖೆಡೆಯಲ್ಲಿ ರಾಜಸ್ಥಾನದ ಮೇಲೆ ಮ್ಯಾಚು. ಟಾಸಿಗೆ ಬಂದವನಿಗೆ ಸ್ವಂತ ಮೈದಾನದಲ್ಲೇ ಬೂ ಅಂದರು. ನಾನು ಆ ಹೊತ್ತಿಗೆ ಹೋಟೆಲಿನ ಟೀವಿ ಎದುರು ಕಾಫಿ ಲೋಟ ಹಿಡಿದು ನಿಂತಿದ್ದೆ. ಗಿರಾಕಿಗಳೂ ಬೂ ಅಂದರು, ನಾನೂ ಅಂದೆ. ಸುಳ್ಳು ಹೇಳುವುದು ಯಾಕೆ.

ಜೂನ್ 29ಕ್ಕೆ ವಿಶ್ವಕಪ್ ಫೈನಲ್, ಕೊನೆಯ ಓವರ್ ಅದೇ ಮನುಷ್ಯ ಹಾಕಿ ಗೆಲ್ಲಿಸಿದ. ಜುಲೈ 4ಕ್ಕೆ ಮರೀನ್ ಡ್ರೈವಿನಲ್ಲಿ ಮೆರವಣಿಗೆ. ಮಳೆಯಲ್ಲಿ ನೆನೆದು ನಾನೂ ಹೋಗಿದ್ದೆ, ಒಂದು ಚಪ್ಪಲಿ ಅಲ್ಲೇ ಬಿಟ್ಟು ಬಂದೆ. ವಾಂಖೆಡೆ ಒಳಗೆ ಈಗ ‘ಹಾರ್ದಿಕ್, ಹಾರ್ದಿಕ್’ ಅಂತ ಜೈಕಾರ. ಮೂರು ತಿಂಗಳು ಮೂರು ದಿನದಲ್ಲಿ ಕೂದಲೂ ಅದೇ, ಗಡಿಯಾರವೂ ಅದೇ. ಅವನದ್ದು ಎಂತದೂ ಬದಲಾಗಿರಲಿಲ್ಲ.

ಅಕ್ಕಾ, ಹುಡುಗನಿಗೆ ಹೇಳಿ, ಒಂದು ಕಪ್ ಗೆದ್ದರೆ ಆಯಿತು.

ಸೊಲ್ಲಾಪುರ ಚಾದರ

ತಂಗೀ, ನಾನು ನಿವೃತ್ತ ಮಾಸ್ತರ. ಈಗ ಮಗನ ಜೊತೆ ಪುಣೆಯ ಹಡಪಸರದಾಗ ಇರತೀನಿ. ಶಬ್ದದ ಮೂಲ ಕೇಳಿದ್ದಕ್ಕ ಸ್ವಲ್ಪ ಉದ್ದ ಬರೀತೀನಿ, ಬ್ಯಾಸರಾದ್ರ ದಾಟಿ ಹೋಗ್ರಿ.

ಚಪ್ಪರ ನಮಗ ಹೊರಗಿನ ಶಬ್ದ ಅಲ್ಲ. ಮದುವಿ ಮನಿ ಮುಂದ ಹಾಕೂದು ಚಪ್ಪರ, ನಮ್ಮ ಕಡೆ ಹಂದರ ಅಂತಾರ. ಹೀರಿಬಳ್ಳಿ ಹಬ್ಬಸೂದೂ ಚಪ್ಪರ. ಮರಾಠಿಯೊಳಗ ಛಪ್ಪರ್ ಅಂದ್ರ ಮನಿ ಮಾಡು, ಹುಲ್ಲಿಂದಿರಲಿ, ತಗಡಿಂದಿರಲಿ. ಛಪರಿ ಅಂದ್ರ ಅದರ ಸಣ್ಣ ರೂಪ, ಗುಡಿಸಲದಂಥಾದ್ದು. ಹಂಗ ನೋಡಿದ್ರ ಛಪ್ರಿ ಅಂದ್ರ ಗುಡಿಸಲದಾಂವ ಅಂತಾತು.

ಜನ ಹೇಳೂ ಇನ್ನೊಂದು ದಾರಿ ಐತಿ. ನಿಮ್ಮ ವಿಜಾಪುರ ಜಿಲ್ಲಾದಾಗನ ಚಪ್ಪರಬಂದ್ ಅನ್ನೂ ಸಮುದಾಯ ಐತಿ, ಮುಸಲ್ಮಾನರು. ಚಪ್ಪರ ಕಟ್ಟುವವರು ಅಂತ ಹೆಸರಿನ ಅರ್ಥ. ಮೊಘಲರ ದಂಡಿನ ಸಂಗಡ ದಕ್ಷಿಣಕ್ಕ ಬಂದು, ಸಿಪಾಯಿಗಳ ಬಿಡಾರಕ್ಕ ಹುಲ್ಲಿನ ಮಾಡು ಕಟ್ಟಿಕೊಡತಿದ್ರು ಅಂತ ಹಳೇ ಬರಹದಾಗ ಬರತೈತಿ. ದಂಡು ಹೋತು, ಇವರು ಉಳದ್ರು. ಮುಂದ ಇಂಗ್ರೇಜಿ ಸರಕಾರದವರು ಇವರನ್ನ ಖೋಟಾ ನಾಣ್ಯ ಮಾಡುವವರು ಅಂತ ಬರಕೊಂಡ್ರು. ಯಾರೋ ಒಬ್ಬಿಬ್ಬರನ್ನ ಅಲ್ಲ, ಹುಟ್ಟಿದ ಕೂಸು ಸಹಿತ ಇಡೀ ಕುಲಾನ. ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟ್ 1871ರಾಗ ಉತ್ತರದ ಕಡೆ ಬಂತು, 1911ರಾಗ ನಮ್ಮ ಮುಂಬೈ ಪ್ರಾಂತಕ್ಕೂ ಬಂತು. ಹೆಸರು ಬರಸಬೇಕು, ಹಾಜರಿ ಹಾಕಬೇಕು, ಊರು ಬಿಡಬೇಕಂದ್ರ ಪರವಾನಗಿ ಬೇಕು.

ನಮ್ಮ ಸೊಲ್ಲಾಪುರದಾಗ ‘ಸೆಟ್ಲಮೆಂಟ್’ ಅಂತ ಒಂದು ಭಾಗ ಇವತ್ತಿಗೂ ಐತಿ. ಸಣ್ಣವಿದ್ದಾಗ ಆ ಹೆಸರು ಯಾಕ ಅಂತ ನಾ ಕೇಳಿರಲೇ ಇಲ್ಲ, ಬಸ್ ಸ್ಟಾಪಿನ ಹೆಸರಿದ್ದಂಗ ಅಂದ್ಕೊಂಡಿದ್ದೆ. ಕಾಯಿದೆಯೊಳಗ ಹೆಸರು ಬರಸಿದವರನ್ನ ಇಡಾಕ ಮಾಡಿದ ಜಾಗಾ ಅದು ಅಂತ ನೌಕರಿಗೆ ಸೇರಿದ ಮ್ಯಾಲ ತಿಳೀತು. ಅಲ್ಲಿಂದ ಬರೂ ಹುಡುಗರ ಪಾಟಿಚೀಲಾ ಯಾರದರ ಪೆನ್ಸಿಲ್ ಕಳದ್ರ ಮೊದಲು ತಪಾಸ ಆಗತಿತ್ತು. ನಾನೂ ಒಮ್ಮಿ ಮಾಡೀನಿ. ಪೆನ್ಸಿಲ್ ಸಿಕ್ಕಿದ್ದು ಕಳಕೊಂಡ ಹುಡುಗನ ಕಂಪಾಸ್ ಡಬ್ಯಾಗ.

1952ರ ಆಗಸ್ಟ್ 31ಕ್ಕ ಆ ಕಾಯಿದೆ ಹೋತು. ಅದಕ್ಕ ಈ ಜನರಿಗೆ ವಿಮುಕ್ತರು ಅಂತ ಹೆಸರು. ಮಹಾರಾಷ್ಟ್ರದ ವಿಮುಕ್ತ ಜಾತಿ ಪಟ್ಟಿಯೊಳಗ 14 ಹೆಸರವ, ಅದರಾಗ ಛಪ್ಪರಬಂದ್ ಒಂದು.

ರೀಲ್ಸಿನ ಛಪ್ರಿ ಗುಡಿಸಲದಿಂದ ಬಂತೋ ಕುಲದ ಹೆಸರಿಂದ ಬಂತೋ, ಎರಡೂ ಹೋಗಿ ಮುಟ್ಟೂದು ಅದೇ ಹುಲ್ಲಿನ ಮಾಡಿಗೆ.

ಖಾಲಿ ಕಪ್

ಮಾಸ್ತರರ ಬಗ್ಗೆ ಗೌರವ ಇದೆ. ಆದರೆ ಎಲ್ಲದಕ್ಕೂ ಜಾತಿ ತರೋದು ಯಾಕೆ? ಇವತ್ತು ಛಪ್ರಿ ಅನ್ನೋ ಹುಡುಗರಲ್ಲಿ ನೂರಕ್ಕೆ ನೂರು ಜನಕ್ಕೆ ಚಪ್ಪರಬಂದ್ ಅಂದರೆ ಏನಂತಲೇ ಗೊತ್ತಿಲ್ಲ. ಗೊತ್ತಿಲ್ಲದ ಮೇಲೆ ಬೈದಂಗೆ ಹೇಗಾಗುತ್ತೆ? ‘ಮವಾಲಿ’ ಅನ್ನೋದೂ ಅರಬ್ಬಿಯಿಂದ ಬಂದಿದ್ದು, ಅಲ್ಲಿ ಅದಕ್ಕೆ ಬೇರೇನೇ ಅರ್ಥ. ಹಾಗಂತ ಮುಂಬೈಯವರು ಮವಾಲಿ ಅನ್ನೋದು ಬಿಟ್ಟಿದ್ದಾರಾ? ಪದ ಸವೆದು ಸವೆದು ನುಣ್ಣಗಾಗುತ್ತೆ.

ಇನ್ನು ಕೆಲವರು ಛಪ್ರಿ ಅಂದರೆ ಅಟ್ರಾಸಿಟಿ ಕೇಸ್ ಬೀಳುತ್ತೆ ಅಂತ ವಾಟ್ಸಾಪ್‌ನಲ್ಲಿ ಹೆದರಿಸ್ತಾ ಇದ್ದಾರೆ. ನಗಬೇಕೋ ಅಳಬೇಕೋ.

ಸೊಲ್ಲಾಪುರ ಚಾದರ

ಕೇಸಿನ ಮಾತು ನೀವಂದದ್ದು ಬರೋಬ್ಬರಿ. 1989ರ ಆ ಕಾಯಿದೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಸಂಬಂಧಿಸಿದ್ದು. ಚಪ್ಪರಬಂದ್ ಸಮುದಾಯ ಮಹಾರಾಷ್ಟ್ರದಾಗ ವಿಮುಕ್ತ ಜಾತಿ, ಕರ್ನಾಟಕದಾಗ ಹಿಂದುಳಿದವರ ಪ್ರವರ್ಗ 1. ಅದಕ್ಕ ಆ ವಾಟ್ಸಾಪ್ ಮಾತು ನಂಬಬ್ಯಾಡ್ರಿ.

ಸವೆದ ಮಾತಿಗೆ ಮಾತ್ರ ನಾ ಒಪ್ಪೂದಿಲ್ಲ. ಮವಾಲಿ ಅಂದ್ರ ಪುಂಡಾಟಕ್ಕ ಬೈತೀರಿ, ಅದು ಅವ ಮಾಡಿದ ಕೆಲಸ. ಛಪ್ರಿ ಅಂದಾಗ ಅವ ಏನ್ ಮಾಡ್ಯಾನ? ಕೂದಲಿಗೆ ಬಣ್ಣಾ ಹಚ್ಚ್ಯಾನ, ಅಷ್ಟ.

ಕತ್ತರಿ ಬಾಚಣಿಗೆ

ಕೂದಲಿನ ಮಾತು ಬಂತಲ್ಲ, ಇದು ನನ್ನ ಖಾತೆ. ಹನ್ನೆರಡು ವರ್ಷ ಆತು ಕತ್ತರಿ ಹಿಡದು. ಮೊದಲ ಭಾಂಡುಪಿನಾಗ ಓಣಿ ಅಂಗಡಿ, ಈಗ ಅಂಧೇರಿಯಾಗ ಎಸಿ ಸಲೂನು.

ನಮ್ಮ ಕರೀ ಕೂದಲಿಗೆ ಬ್ಲೀಚ್ ಪುಡಿ ಡೆವಲಪರಿನಾಗ ಕಲಸಿ ಹಚ್ಚಿದ್ರ ಮೊದಲ ಕೆಂಪ ಬರತೈತಿ, ಆಮ್ಯಾಲ ಕಿತ್ತಳಿ, ಆಮ್ಯಾಲ ಹಳದಿ. ಬಂಗಾರ ಅಂತ ಹುಡುಗರು ಅನ್ನೂದು ಈ ಕಿತ್ತಳಿ ಹಳದಿ ನಡುವಿನ ಬಣ್ಣಕ್ಕ. ಕೆಲಸಾ ಅಲ್ಲಿಗೆ ಮುಗಿಯಂಗಿಲ್ಲ. ಆ ಹಿತ್ತಾಳಿ ಕಳೆ ಹೋಗಲಿಕ್ಕೆ ಟೋನರ್ ಹಾಕಬೇಕು. ಕಿತ್ತಳಿ ಇದ್ರ ನೀಲಿ ಟೋನರ್, ಹಳದಿ ಇದ್ರ ನೇರಳಿ. ಅವಾಗ ಬೂದಿ ಬಣ್ಣ, ಜೇನಿನ ಬಣ್ಣ, ಏನ್ ಬೇಕಾದ್ದು ಬರತೈತಿ.

ಓಣಿ ಅಂಗಡ್ಯಾಗ ಟೋನರ್ ಹಾಕಂಗಿಲ್ಲ. ಗಿರಾಕಿ ಕಿಸೆದಾಗ ಅಷ್ಟು ರೊಕ್ಕ ಇರಂಗಿಲ್ಲ. ಹಿತ್ತಾಳಿ ತಲಿ ಹೊತ್ಕೊಂಡು ಹೋಗತಾನ, ಜನ ಛಪ್ರಿ ಅಂತಾರ. ಅಂಧೇರಿ ಸಲೂನಿನಾಗ ಅದೇ ಪುಡಿ, ಅದೇ ಬಟ್ಟಲಾ, ಅದೇ ನನ್ನ ಕೈ. ಮ್ಯಾಲ ಟೋನರ್, ಒಂದ್ ಕಪ್ ಗ್ರೀನ್ ಟೀ. ಹೆಸರು ಬಲಾಯಾಜ್. ಬಿಲ್ಲು ಹೇಳೂದಿಲ್ಲ, ನನಗ ನಾಚಿಕಿ ಬರತೈತಿ. ಅವರಿಗೆ ಯಾರೂ ಏನೂ ಅನ್ನಂಗಿಲ್ಲ.

ಭಾಂಡುಪಿನಾಗ ಒಬ್ಬ ಹುಡುಗ ಬರತಿದ್ದ, ಮೀನಿನ ಟೆಂಪೋ ಮ್ಯಾಲ ಕ್ಲೀನರ್. ಗಣಪತಿ ಹಬ್ಬ ಎಂಟು ದಿನ ಇದೆ ಅನ್ನೂಮುಂದ ಬಣ್ಣ. ಕುರ್ಚಿ ಮ್ಯಾಲ ಕುಂತ್ರ ಕಣ್ಣ ಮುಚ್ಚತಿದ್ದ, ಪೂರಾ ಆಗೂತನಾ ತಗಿತಿರಲಿಲ್ಲ. ಆಮ್ಯಾಲ ಒಮ್ಮಿಲೇ ತಗದು ಕನ್ನಡಿ ನೋಡಾಂವ. ಆ ಮಾರಿ ನೋಡಬೇಕಿತ್ರೀ ನೀವು. ಬಲಾಯಾಜ್ ಮಾಡಿಸ್ಕೊಂಡವರು ಕನ್ನಡಿ ನೋಡಿ ‘ಇನ್ನೊಂದೀಟು ಲೈಟ್ ಆಗಬೇಕಿತ್ತು’ ಅಂತಾರ.

ಪುಣೆ ಪೀಜಿವಾಸಿ

ಗುರುವೇ. ಈ ಕಾಮೆಂಟ್ ಸ್ಕ್ರೀನ್‌ಶಾಟ್ ತಗೊಂಡೆ.

ಝುವಾರಿ ನಾಕಾ

ಗೋವಾದಿಂದ ಬರಿಲಿಕ್ಕತ್ತೀನಿ. ನಾವು ಬಾದಾಮಿ ಕಡೆಯವರು. ಗೊಬ್ಬರ ಕಾರ್ಖಾನಿ ಆದ ಮ್ಯಾಲ ನಮ್ಮಪ್ಪ ಇಲ್ಲಿಗೆ ಬಂದ. ನಾ ಹುಟ್ಟಿದ್ದು ಇಲ್ಲೇ, ಕೊಂಕಣಿ ನೀರು ಕುಡದಂಗ ಮಾತಾಡತೀನಿ.

ಖಾಲಿ ಕಪ್ ಅವರ ‘ಗೊತ್ತಿಲ್ಲದ ಮೇಲೆ ಬೈದಂಗೆ ಹೇಗೆ’ ಅನ್ನೂ ಮಾತಿಗೆ ಒಂದು ಹೇಳತೀನಿ. ಇಲ್ಲಿ ನಮಗ ‘ಘಾಂಟಿ’ ಅಂತಾರ. ಘಟ್ಟದ ಮ್ಯಾಲಿನವರು ಅಂತ, ಅಷ್ಟ ಅದರ ಅರ್ಥ. ಕೇಳಿದ್ರ ಏನೂ ತಪ್ಪಿಲ್ಲ, ಘಟ್ಟ ಹತ್ತಿ ಇಳದ ಬಂದೀವಲ್ಲ. ಮುಂಬೈಯಾಗ ಘಾಟಿ ಅಂತ ಘಟ್ಟದ ಆಚಿ ಮರಾಠಿ ಮಂದಿಗೆ ಅಂತಿದ್ರಂತ, ಇಲ್ಲಿ ನಮ್ಮ ಪಾಲಿಗೆ ಬಂತು. ನನ್ನ ಮಗಳು ಮೂರನೇತ್ತ್ಯಾಗ ಇದ್ದಾಗ ಒಂದಿನ ಡಬ್ಬಿ ಹಂಗ ವಾಪಸ್ ತಂದ್ಲು. ರೊಟ್ಟಿ, ಶೇಂಗಾ ಚಟ್ನಿ. ಯಾಕ ಅಂದ್ರ ‘ಇದು ಘಾಂಟಿ ಊಟ ಅಂತ’ ಅಂದ್ಲು. ಅಂದ ಪೋರಿಗೂ ಘಟ್ಟ ಯಾವುದು, ಬಾದಾಮಿ ಎಲ್ಲೈತಿ ಗೊತ್ತಿರಲಿಕ್ಕಿಲ್ಲ. ಅವತ್ತಿನಿಂದ ಡಬ್ಬ್ಯಾಗ ಬ್ರೆಡ್ಡು.

ಅಂದವರಿಗೆ ಅರ್ಥ ಗೊತ್ತಿರಬೇಕಂತೇನಿಲ್ಲರಿ. ಅನಿಸ್ಕೊಂಡವರಿಗೆ ಗೊತ್ತಾಗತೈತಿ.

ಇನ್ನೊಂದು. ನಮ್ಮ ಝುವಾರಿನಗರದ ಹುಡುಗರ ಬಾಯಾಗೂ ಈಗ ಛಪ್ರಿ. ಯಾರಿಗೆ ಗೊತ್ತೇನು? ನಿನ್ನೆ ಮೊನ್ನೆ ಊರಿಂದ ಬಂದ ಹುಡುಗರಿಗೆ. ಘಾಂಟಿ ಅನಿಸ್ಕೊಂಡವರೇ ಮುಂದಿನ ಬಸ್ಸಿಗೆ ಬಂದವರನ್ನ ಛಪ್ರಿ ಅಂತಾರ.

ಮಾಟುಂಗಾ ಮಾಣಿ

ಹೌದು ಮಾರಾಯ್ರೆ, ಬಸ್ಸಿನಲ್ಲಿ ಮೊದಲು ಹತ್ತಿದವನು ‘ಒಳಗೆ ಜಾಗ ಇಲ್ಲ’ ಹೇಳುವುದು ಎಲ್ಲ ಊರಲ್ಲೂ ಉಂಟು.

ನಮ್ಮ ದೊಡ್ಡಪ್ಪ ಅರವತ್ತರ ದಶಕದಲ್ಲಿ ಇಲ್ಲಿಗೆ ಬಂದವರು, ಕುಂದಾಪುರದಿಂದ. ಆಗ ‘ಬಜಾವ್ ಪುಂಗಿ, ಹಟಾವ್ ಲುಂಗಿ’ ಹೇಳುವ ಘೋಷಣೆ ಈ ಊರಲ್ಲಿ ಎದ್ದಿತ್ತಲ್ಲ. ದೊಡ್ಡಪ್ಪ ಹೋಟೆಲಿನ ಒಳಗೆ ಲುಂಗಿ, ಹೊರಗೆ ಹಾಲು ತರಲು ಹೋಗುವಾಗ ಪ್ಯಾಂಟು. ಒಂದೇ ಪ್ಯಾಂಟು ಇದ್ದದ್ದು, ನಾಲ್ಕು ಜನಕ್ಕೆ. ಸೊಂಟದ ಅಳತೆ ಬೇರೆ ಬೇರೆ ಅಂತ ಬಾಳೆನಾರಿನ ಹಗ್ಗ ಕಟ್ಟಿಕೊಳ್ಳುತ್ತಿದ್ದರಂತೆ. ಇದನ್ನು ಅವರು ನಗ್ತಾ ನಗ್ತಾ ಹೇಳುತ್ತಿದ್ದರು. ಪೂರ್ತಿ ನಗೆಯಾ ಅಂತ ನಾವು ಕೇಳಲಿಲ್ಲ.

ಆಮೇಲೆ ‘ಅಣ್ಣಾ’. ಊರಲ್ಲಿ ಅಣ್ಣ ಅಂದರೆ ಮರ್ಯಾದೆ. ಇಲ್ಲಿ ‘ಏ ಅಣ್ಣಾ, ಚಟ್ನಿ ಲಾ’ ಅಂದರೆ ಅದೇ ಶಬ್ದ, ಕೆಳಗಿನಿಂದ ಮೇಲೆ ನೋಡುವ ಬದಲು ಮೇಲಿನಿಂದ ಕೆಳಗೆ. ನನಗೀಗ ಅಭ್ಯಾಸ ಆಗಿದೆ. ಮಗನ ಪ್ರಾಯದವನು ಕರೆದರೂ ಚಟ್ನಿ ಕೊಡ್ತೇನೆ, ಕಾಯಿ ಸ್ವಲ್ಪ ಕಮ್ಮಿ.

ಹಾಜರಿ ನಂಬರ್ 14

ಮೂರು ದಿನದಿಂದ ಓದುತ್ತಿದ್ದೇನೆ. ಬರೆಯಬೇಕೋ ಬೇಡವೋ ಅಂತ ಇದ್ದೆ.

ನನ್ನ ಅಡ್ಡಹೆಸರೇ ಚಪ್ಪರಬಂದ್. ವಿಜಯಪುರ. ಪುಣೆಯ ಒಂದು ಕಾಲೇಜಿನಲ್ಲಿ ಓದುತ್ತಿದ್ದೇನೆ. ಮೊದಲ ದಿನ ಹಾಜರಿ ಕರೆಯುವಾಗ ಸರ್ ನನ್ನ ಹೆಸರು ಓದಿದರು, ಹಿಂದಿನ ಬೆಂಚಿನಿಂದ ನಗು. ಸರ್ ಬೈಯಲಿಲ್ಲ, ಅವರಿಗೂ ತುಟಿಯಲ್ಲಿ ಸ್ವಲ್ಪ ನಗು ಬಂದಿತ್ತು. ಎರಡನೇ ದಿನದಿಂದ ಸರ್ ಹೆಸರು ಬಿಟ್ಟು ನಂಬರ್ ಕರೆದರು. ಎಲ್ಲರದೂ ಹೆಸರು, ನನ್ನದು ಮಾತ್ರ ನಂಬರ್. ಸಹಾಯ ಮಾಡಿದೆ ಅಂತಲೇ ಅವರು ಅಂದುಕೊಂಡಿರಬೇಕು.

ನನ್ನ ಕೂದಲು ಕಪ್ಪು, ಎಣ್ಣೆ ಹಚ್ಚಿ ಬಾಚುತ್ತೇನೆ. ಬೈಕ್ ಇಲ್ಲ.

ನಮ್ಮ ಅಜ್ಜ ನಿಜಕ್ಕೂ ಚಪ್ಪರ ಹಾಕುತ್ತಿದ್ದ, ಜಾತ್ರೆ ಅಂಗಡಿಗಳಿಗೆ. ಗಳ ನೆಟ್ಟು, ಅದರ ಮೇಲೆ ಅಡ್ಡಗಳ, ಕತ್ತದ ಹಗ್ಗದಿಂದ ಬಿಗಿ. ಮೊಳೆ ಹೊಡೆಯುತ್ತಿರಲಿಲ್ಲ, ಜಾತ್ರೆ ಮುಗಿದ ಮೇಲೆ ಗಳ ಹಾಳಾಗಬಾರದು ಅಂತ. ಮಳೆ ಬಂದರೆ ಜನ ಅದರ ಕೆಳಗೇ ಬಂದು ನಿಲ್ಲುತ್ತಿದ್ದರು.

ಖಾಲಿ ಕಪ್

ತಮ್ಮಾ, ನನಗೆ ನಿಜವಾಗಿ ಗೊತ್ತಿರಲಿಲ್ಲ. ನನ್ನ ವಾದ ಪೂರ್ತಿ ವಾಪಸ್ ತಗೊಳಲ್ಲ, ಪದಗಳು ಬದಲಾಗ್ತವೆ ಅನ್ನೋದು ನಿಜ. ಆದರೆ ನಿಮ್ಮ ಸರ್ ಮಾಡಿದ್ದು ಓದಿ ಬೇಜಾರಾಯ್ತು. ನಿಮ್ಮ ಹೆಸರನ್ನೇ ಕರೀರಿ ಅಂತ ಅವರಿಗೆ ಹೇಳಿ. ಹೇಳೋಕೆ ಮುಜುಗರ ಆದರೆ ಚೀಟಿ ಬರೆದು ಕೊಡಿ.

ಹಾಜರಿ ನಂಬರ್ 14

ಈಗ ಮೂರನೇ ಸೆಮಿಸ್ಟರ್, ಬೇರೆ ಸರ್ ಬಂದಿದ್ದಾರೆ. ಅವರು ಹೆಸರು ಕರೆಯುತ್ತಾರೆ, ತಪ್ಪಾಗಿ. ‘ಚಪ್ಪರ್‌ಬಾದ್’ ಅಂತ. ಅಷ್ಟರ ಮಟ್ಟಿಗೆ ಅಡ್ಡಿಯಿಲ್ಲ.

ಡೊಂಬಿವಲಿ ಅವ್ವ

ಎಲ್ಲಾರದೂ ಓದಿದೆ. ಕೆಲವೊಂದು ಎರಡೆರಡು ಸಲ. 14ನೇ ನಂಬರಿನ ಹುಡುಗಗ, ನಮ್ಮ ಇಂಡ್ಯಾಗ ನನ್ನ ಮದುವಿ ಹಂದರಾ ಯಾರು ಹಾಕಿದ್ರು ಅಂತ ನಿನ್ನೆ ಅವ್ವಗ ಫೋನ್ ಹಚ್ಚಿ ಕೇಳಿದೆ. ಆಕಿಗೆ ನೆನಪಿಲ್ಲ. ಅಡಗಿ ಭಟ್ಟನ ಹೆಸರು ನೆನಪೈತಿ, ಬಳಿಗಾರ್ತಿ ಹೆಸರು ನೆನಪೈತಿ, ಹಂದರ ಹಾಕಿದಾಂವಂದು ಇಲ್ಲ.

ಮಗನ್ನ ಕುಂಡ್ರಿಸಿ ಮಾಸ್ತರರು ಬರದದ್ದು ಓದಿಸಿದೆ. ಕನ್ನಡ ಓದಾಕ ಅವಗ ತಾಸು ಹಿಡೀತು, ನಡುನಡುವೆ ನಾನೂ ಓದಿದೆ. ಏನೂ ಅನಲಿಲ್ಲ. ಗ್ರೂಪಿನ ಫೋಟೋ ತಗದಾನ. ತಮ್ಮನ ಕೂಡ ಮಾತಾಡ್ಯಾನೋ ಇಲ್ಲೋ ಗೊತ್ತಿಲ್ಲ, ಇಬ್ಬರೂ ಮೊಬೈಲಿನಾಗ ಮಾರಿ ಹುದಗಿಸಿದ್ರು.

ಆಮ್ಯಾಲ ಊರ ಹುಡುಗಗ ಹೇಳಾಕ ಹೋದೆ, ‘ಅಪ್ಪಾ, ಅದು ಛಲೋ ಶಬ್ದ ಅಲ್ಲ, ಕಿರೀಟಾ ಬ್ಯಾರೆ ಇಟ್ಕೊಂಡಿಯಲ್ಲ’ ಅಂತ. ಅವ ನಕ್ಕ. ‘ದೊಡ್ಡವ್ವಾ, ನಂಗ್ ಮೊದಲ ಗೊತ್ತೈತಿ. ಕಾಲೇಜಿನಾಗ ಎರಡ ವರ್ಷಾತು ಅನ್ನಾಕ ಹತ್ತಿ. ನಾನ ಬರಕೊಂಡ ಮ್ಯಾಲ ಅವರಿಗೆ ಅನ್ನಾಕ ಏನ್ ಉಳೀತು?’ ಅಂದ. ನಾ ತಿಳಿಗೇಡಿ ಅಂತ ಅಂದ್ಕೊಂಡಿದ್ದೆ ಅವನ್ನ.

ಕತ್ತರಿ ಅಣ್ಣಾರ, ಆ ಟೋನರ್ ಅಂದ್ರಲ್ಲ, ಒಂದ್ಸಲ ಹಾಕಿದ್ರ ಎಷ್ಟ ದಿನ ನಿಂದರತೈತಿ? ಹುಡುಗ ಕೇಳಾಕತ್ಯಾನ.

ಕತ್ತರಿ ಬಾಚಣಿಗೆ

ಮೂರರಿಂದ ಆರು ವಾರ ಅಕ್ಕಾರ, ತಲಿ ಎಷ್ಟ್ ಸಲ ತೊಳೀತಾನ ಅದರ ಮ್ಯಾಲ. ಬಿಸಿನೀರು ಹಾಕ್ಕೊಬಾರದು. ಅಂಧೇರಿಗೆ ಕಳಸಬ್ಯಾಡ್ರಿ, ಸುಮ್ಮ ಬಿಲ್ಲು. ಮಂಗಳವಾರ ನನ್ನ ರಜಾ, ಭಾಂಡುಪಿನ ಹಳೇ ಅಂಗಡಿಗೆ ಬರತೀನಿ. ಟೇಸನ್ನಿನ ಪಶ್ಚಿಮಕ್ಕ ಇಳದು ಫೋನ್ ಹಚ್ಚಲಿ. ತಲಿಗೆ ಎಣ್ಣಿ ಹಚ್ಕೊಂಡ ಬರಬ್ಯಾಡ ಅಂತ ಹೇಳ್ರಿ.